ಕ್ಯಾಮೆರಾ ಇಳಿಸಿದ ದೊಡ್ಡಮ್ಮ

ಅವಳನ್ನು ಮೊದಲು ದೊಡ್ಡಮ್ಮ ಎಂದು ಕರೆದದ್ದು ತಂಗಿಯ ಮಗಳು. ಸಂಬಂಧದಲ್ಲಿ ಅದು ಸರಿಯೇ ಇತ್ತು. ತಂಗಿಗೆ ಬಟ್ಟೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಾಗ ಹಾಲು ಕುಡಿಯುವ ಕೂಸನ್ನು ಯಾರ ಕೈಗೆ ಕೊಡುವುದು ಎಂಬ ಚಿಂತೆ ಹತ್ತಿತು. "ನನ್ನ ಹತ್ರ ಬಿಟ್ಟು ಹೋಗು. ನಾನೇನು ಮಾಡ್ತಿದ್ದೀನಿ, ಮನೇಲಿ ಕೂತು ನೊಣ ಹೊಡೀತಿದ್ದೀನಿ" ಎಂದು ಅಕ್ಕ ಕೂಸನ್ನು ಸೊಂಟಕ್ಕೇರಿಸಿಕೊಂಡಳು. ಆಮೇಲೆ ತಂಗಿಯ ಜೊತೆ ಕೆಲಸ ಮಾಡುವವಳ ಮಗು ಬಂತು. ಪಕ್ಕದ ಬೀದಿಯ ಅವಳಿ ಮಕ್ಕಳು ಬಂದರು. ಎದುರು ಮನೆಯವರ ಮೊಮ್ಮಗ ಬಂದ. ಬಂದವರೆಲ್ಲ ಮೊದಲ ಕೂಸಿನ ಬಾಯಿಂದ ಕಲಿತು ದೊಡ್ಡಮ್ಮ ಎಂದರು, ಅವರ ಅಪ್ಪ ಅಮ್ಮಂದಿರೂ ಹಾಗೇ ಕರೆದರು. ಕೊನೆಗೆ ಹಾಲಿನವನಿಗೂ ಅಂಚೆಯವನಿಗೂ ಅವಳು ದೊಡ್ಡಮ್ಮನೇ ಆದಳು. ಗಂಡ ಒಬ್ಬರು ಮಾತ್ರ "ಏನೇ" ಎನ್ನುತ್ತಿದ್ದರು.

ಆ ಗಂಡ ಲಾರಿ ಗ್ಯಾರೇಜಿನ ಮೇಸ್ತ್ರಿ. ಜೀವಮಾನವೆಲ್ಲ ಇಂಜಿನ್ನಿನ ಮಗ್ಗುಲಲ್ಲಿ ಕಳೆದು ಕಿವಿ ಮಂದವಾಗಿತ್ತು. ತಮಗೆ ಕೇಳಿಸುವುದಿಲ್ಲ ಎಂದರೆ ಲೋಕಕ್ಕೂ ಕೇಳಿಸುವುದಿಲ್ಲ ಎಂದೇ ಅವರ ಲೆಕ್ಕ. ಅವರು ಗುಟ್ಟು ಹೇಳಿದರೆ ಬೀದಿಯ ತಿರುವಿನವರೆಗೂ ಕೇಳುತ್ತಿತ್ತು. ಅವರಿಗೆ ಸ್ವಂತ ಮಕ್ಕಳಾಗಲಿಲ್ಲ. ದೊಡ್ಡಮ್ಮ ಆ ಮಾತು ಎತ್ತುತ್ತಿರಲಿಲ್ಲ, ಬೇರೆಯವರು ಎತ್ತಿದರೆ ಎದ್ದು ಹೋಗಿ ಯಾವುದಾದರೂ ಮಗುವಿನ ಮೂಗು ಒರೆಸುತ್ತಿದ್ದಳು.

ಮನೆ ಸಾಲದಾದಾಗ ಅವರು ಅದೇ ಬೀದಿಯಲ್ಲಿ ಹಳೇ ಪೀಠೋಪಕರಣದ ಗೋದಾಮೊಂದನ್ನು ಬಾಡಿಗೆಗೆ ಹಿಡಿದರು. ಮುಂದೆ ದೊಡ್ಡ ಕೋಣೆ, ಹಿಂದೆ ಚಿಕ್ಕ ಕೋಣೆ, ನಡುವೆ ಅಡುಗೆ ಕಟ್ಟೆ. ಬಾಗಿಲ ಬಳಿ ಹೆಬ್ಬೆರಳುದ್ದದ ಚಪ್ಪಲಿಗಳ ಸಾಲು. ಒಳಗೆ ಕಾಲಿಟ್ಟರೆ ಹಾಲು, ಸೋಪು, ಒದ್ದೆ ಚಾಪೆ ಎಲ್ಲ ಬೆರೆತ ಒಂದು ವಾಸನೆ. ಯಾವ ಲೋಟ ಯಾರದು ಎಂದು ತಿಳಿಯಲು ತಳಕ್ಕೆ ಬೇರೆ ಬೇರೆ ಬಣ್ಣದ ಉಗುರುಬಣ್ಣದ ಚುಕ್ಕಿ. ಸಹಾಯಕ್ಕೆ ಗುಂಗುರು ಕೂದಲಿನ ಒಬ್ಬಳು ಹೆಂಗಸು ಸೇರಿದಳು. ಮಕ್ಕಳ ಬಾಯಲ್ಲಿ ಅವಳು ಗುಂಗುರಕ್ಕ. ಇಪ್ಪತ್ತು ವರ್ಷದಲ್ಲಿ ಆ ಗೋದಾಮಿನಿಂದ ನಡೆಯಲು ಕಲಿತು ಹೋದವರನ್ನು ಸೇರಿಸಿದರೆ ಒಂದು ರೈಲು ಡಬ್ಬಿ ತುಂಬುತ್ತಿತ್ತು.

ದೊಡ್ಡಮ್ಮನ ಬಗ್ಗೆ ಎಲ್ಲರೂ ಒಪ್ಪುವ ಮಾತು ಒಂದಿತ್ತು: ಹೆಂಗಸು ಮೊಂಡು. ಅವಳೂ ಅದನ್ನು ಅಲ್ಲಗಳೆಯುತ್ತಿರಲಿಲ್ಲ. "ನನ್ನ ಮಾತೇನು ಕಲ್ಲಿನ ಮೇಲೆ ಕೆತ್ತಿದ್ದಲ್ಲ. ಆದ್ರೆ ಅಳಿಸೋರು ಸ್ವಲ್ಪ ಬೆವರಬೇಕು, ಅಷ್ಟೇ" ಎನ್ನುತ್ತಿದ್ದಳು.

ಹಾಗೆಂದು ಹೊಸದೆಂದರೆ ಉರಿದು ಬೀಳುವವಳಲ್ಲ. ನಾಲ್ಕು ವರ್ಷದ ಹಿಂದೆ ಬೀದಿಯ ಕೊನೆಯಲ್ಲಿ ಎತ್ತರದ ವಸತಿ ಕಟ್ಟಡ ಎದ್ದು, ಅಲ್ಲಿನ ದಂಪತಿಗಳು ಮಕ್ಕಳನ್ನು ಕರೆತಂದು "ಕ್ಯಾಮೆರಾ ಇದ್ಯಾ?" ಎಂದು ಕೇಳತೊಡಗಿದಾಗ ಅವಳೇ ನಾಲ್ಕು ಕ್ಯಾಮೆರಾ ಹಾಕಿಸಿದಳು. ಅಪ್ಪ ಅಮ್ಮಂದಿರು ತಮ್ಮ ಫೋನಿನಲ್ಲೇ ಮಗುವನ್ನು ನೋಡಬಹುದಿತ್ತು. ನೋಡಿದರು, ನೋಡಿ ಸುಮ್ಮನಿರಲಿಲ್ಲ. "ದೊಡ್ಡಮ್ಮ, ನನ್ನ ಮಗ ಮೂಲೇಲಿ ಒಬ್ಬನೇ ಕೂತಿದ್ದಾನಲ್ಲ, ಯಾಕೆ?" "ದೊಡ್ಡಮ್ಮ, ಬಾಳೆಹಣ್ಣು ಅರ್ಧ ಬಿಟ್ಟಳು, ನೋಡಿದ್ರಾ?" ಎಂದು ದಿನವಿಡೀ ಫೋನು. ಗುಂಗುರಕ್ಕ ಕ್ಯಾಮೆರಾದ ಕೆಳಗೆ ಬಂದಾಗ ಮಾತ್ರ ನಗುವುದನ್ನು ಕಲಿತಳು. ದೊಡ್ಡಮ್ಮ ಗೊಣಗುತ್ತಲೇ ಒಗ್ಗಿಕೊಂಡಳು. ಮಕ್ಕಳ ಸಂಖ್ಯೆ ಇಪ್ಪತ್ತೆರಡಕ್ಕೇರಿತು, ಒಳಗೊಳಗೇ ಹೆಮ್ಮೆಯೂ ಆಯಿತು.

ಹೀಗಿರುವಾಗ ಕ್ಯಾಮೆರಾ ಕಂಪನಿಯವನು ಒಂದು ಬೆಳಿಗ್ಗೆ ಬಂದು ಮಕ್ಕಳ ಕುರ್ಚಿಯ ಮೇಲೆ ಮಂಡಿ ಎದೆಗೆ ತಾಗುವಂತೆ ಕೂತ. ಹೊಸ ಕಾನೂನು ಬಂದಿದೆ ಎಂದ. ಯಾರದೇ ಖಾಸಗಿ ಮಾಹಿತಿ ಇಟ್ಟುಕೊಳ್ಳುವವರು ಅದಕ್ಕೆ ಹೊಣೆಗಾರರು. ಮಗುವಿನ ಮುಖವೂ ಮಾಹಿತಿಯೇ. ಪ್ರತಿ ಮಗುವಿಗೂ ಹೆತ್ತವರ ಒಪ್ಪಿಗೆ ಬೇಕು, ಒಪ್ಪಿದವರು ಹೆತ್ತವರೇ ಎಂಬುದಕ್ಕೆ ಪುರಾವೆ ಬೇಕು, ಚಿತ್ರಗಳನ್ನು ಬೀಗ ಹಾಕಿದ ಜಾಗದಲ್ಲಿ ಇಡಬೇಕು, ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಬೇಕು. ಹೊರಗೆ ಸೋರಿದರೆ ದಂಡ. "ನಮ್ಮ ಹೊಸ ಯೋಜನೆಯಲ್ಲಿ ಇದೆಲ್ಲ ಸೇರಿದೆ ದೊಡ್ಡಮ್ಮ. ಸ್ವಲ್ಪ ಜಾಸ್ತಿ ಆಗುತ್ತೆ."

ಆ ಸ್ವಲ್ಪ ಎಷ್ಟು ಎಂದು ಕೇಳಿದಾಗ ಅವನು ಹೇಳಿದ್ದು ಗೋದಾಮಿನ ಬಾಡಿಗೆಗಿಂತ ಹೆಚ್ಚಿತ್ತು.

"ಮೂಗಿಗಿಂತ ಮೂಗುತಿ ಭಾರ ಆಯ್ತಲ್ಲಯ್ಯಾ" ಎಂದಳು ದೊಡ್ಡಮ್ಮ.

ಬೇರೆ ದಾರಿ ಇದೆಯೇ ಎಂದು ಕೇಳಲು ಪೇಟೆಯಲ್ಲಿ ಒಬ್ಬ ಸಲಹೆಗಾರನ ಬಳಿ ಹೋದಳು. ಗಾಜಿನ ಬಾಗಿಲು, ಚಳಿ ಹುಟ್ಟಿಸುವ ಕೋಣೆ. ಸಲಹೆಗಾರ ಸಭ್ಯ ಮನುಷ್ಯ, ನೀರು ಕೊಟ್ಟು ಕೂರಿಸಿದ. ನಲವತ್ತು ಪುಟದ ಖಾಸಗಿತನದ ನೀತಿ, ಸಿಬ್ಬಂದಿಗೆ ತರಬೇತಿ, ಮಾಹಿತಿಗೆ ಒಬ್ಬ ಜವಾಬ್ದಾರಿ ವ್ಯಕ್ತಿ, ಇಷ್ಟೂ ಬೇಕೆಂದ.

"ನಮ್ಮಲ್ಲಿ ಇರೋದೇ ಇಬ್ಬರು. ನಾನು, ಗುಂಗುರಕ್ಕ. ಒಬ್ಬಳು ಜವಾಬ್ದಾರಿ ವ್ಯಕ್ತಿ ಆದ್ರೆ ಇನ್ನೊಬ್ಬಳು ಏನಾಗಬೇಕು?"

"ಅಮ್ಮ, ಕಾನೂನು ದೊಡ್ಡವರು ಚಿಕ್ಕವರು ಅಂತ ನೋಡಲ್ಲ."

"ನೋಡಲ್ವಾ? ಹಾಗಾದ್ರೆ ಮೊದಲು ಅದಕ್ಕೊಂದು ಕ್ಯಾಮೆರಾ ಹಾಕಿಸಿ" ಎಂದು ಎದ್ದು ಬಂದಳು.

ದಾರಿಯುದ್ದಕ್ಕೂ ಅವಳು ಗೊಣಗುತ್ತಲೇ ಬಂದಳು. ಲಕ್ಷಗಟ್ಟಲೆ ಜನರ ಹೆಸರು, ಫೋನ್ ನಂಬರು ಮಾರಿಕೊಂಡು ತಿಂದವರು ಎಲ್ಲೋ ಎತ್ತರದ ಕಟ್ಟಡದಲ್ಲಿದ್ದಾರೆ. ಅವರನ್ನು ಹಿಡಿಯಲು ನೇಯ್ದ ಬಲೆಗೆ ಸಿಕ್ಕಿಬಿದ್ದವಳು ತಾನು. ಮನೆಗೆ ಬಂದು ಗಂಡನ ಮುಂದೆ "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ" ಎಂದಳು. "ಯಾರಿಗೆ ಜ್ವರ?" ಎಂದು ಮೇಸ್ತ್ರಿ ಗಾಬರಿಯಿಂದ ಕೂಗಿದರು.

ಮೈದುನ ಅಂಗಡಿಗಳಿಗೆ ಲೆಕ್ಕ ಬರೆದುಕೊಡುವವನು. ಅವನ ಬಳಿ ಸುಲಭದ ಮದ್ದಿತ್ತು. "ಅತ್ತಿಗೆ, ಇಷ್ಟಕ್ಕೆಲ್ಲ ಯಾಕೆ ತಲೆ ಕೆಡಿಸ್ಕೊತೀರಾ? ಎಲ್ಲರೂ ಮಾಡೋದು ಒಂದೇ. ಯಾರದೋ ನೀತಿ ತಗೊಳ್ಳೋದು, ಹೆಸರು ಬದಲಾಯಿಸೋದು, ಸಹಿ ಹಾಕಿ ಡ್ರಾಯರ್‌ನಲ್ಲಿ ಇಡೋದು. ಬಂದವರು ಕಾಗದ ನೋಡ್ತಾರೆ, ಕ್ಯಾಮೆರಾ ಯಾರು ನೋಡ್ತಾರೆ?" ಮರುದಿನವೇ ಒಂದು ಕಟ್ಟು ತಂದುಕೊಟ್ಟ. ಅದು ಯಾವುದೋ ವ್ಯಾಯಾಮ ಶಾಲೆಯದು. ಅವಸರದಲ್ಲಿ ಎಲ್ಲ ಕಡೆ ಹೆಸರು ಬದಲಾಯಿಸಿರಲಿಲ್ಲ. 'ಭಾರ ಎತ್ತುವ ಸದಸ್ಯರ ತೂಕ ಮತ್ತು ರಕ್ತದೊತ್ತಡವನ್ನು ಗುಟ್ಟಾಗಿಡಲಾಗುವುದು' ಎಂದು ಅದರಲ್ಲಿತ್ತು.

ದೊಡ್ಡಮ್ಮ ಅದನ್ನು ಗುಂಗುರಕ್ಕನಿಗೆ ಓದಿ ಹೇಳಿದಳು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಕ್ಕಳಾದರೂ ಅದನ್ನು ಹರಿದು ಹಾಕಲಿಲ್ಲ. ಆ ಸಾಲು ಹೊಡೆದು ಹಾಕಿ ಸಹಿ ಮಾಡಿದರಾಯಿತು ಎಂದುಕೊಂಡು ಪೆನ್ನು ಸಮೇತ ಅಡುಗೆ ಕಟ್ಟೆಯ ಮೇಲಿಟ್ಟಿದ್ದಳು. ಮಾಡಿಯೂ ಬಿಡುತ್ತಿದ್ದಳೋ ಏನೋ. ಅಷ್ಟರಲ್ಲಿ ನರ್ಸಮ್ಮ ಬಂದಳು.

ನರ್ಸಮ್ಮ ದೊಡ್ಡ ಆಸ್ಪತ್ರೆಯಲ್ಲಿ ಪಾಳಿಯ ಕೆಲಸ ಮಾಡುವವಳು, ಒಬ್ಬಳೇ ಮಗನನ್ನು ಸಾಕುತ್ತಿದ್ದಳು. ಮಗನಿಗೆ ಮೂರು ತುಂಬಿತ್ತು. ಮಾತು ಕಡಿಮೆ, ನಾಚಿಕೆ ಹೆಚ್ಚು. ಅವತ್ತು ಅವಳು ಸಮವಸ್ತ್ರದಲ್ಲೇ, ಪಾಳಿಯ ನಡುವೆಯೇ ಬಂದಿದ್ದಳು. ದೊಡ್ಡಮ್ಮನ ಕೈಗೆ ತನ್ನ ಫೋನು ಕೊಟ್ಟಳು.

ಫೋನಿನಲ್ಲೊಂದು ವಿಡಿಯೋ. ಅದೇ ಮುಂದಿನ ಕೋಣೆ, ಮೇಲಿನಿಂದ ಕಂಡಂತೆ. ನಡುವೆ ಅವಳ ಮಗ ನಿಂತಿದ್ದ. ಚಡ್ಡಿ ಒದ್ದೆ, ಕಾಲ ಬಳಿ ನೀರು. ಸುತ್ತ ಮಕ್ಕಳು ಬೆರಳು ತೋರಿಸಿ ನಗುತ್ತಿದ್ದಾರೆ. ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದಾನೆ. ಗುಂಗುರಕ್ಕ ಓಡಿ ಬಂದು ಎತ್ತಿಕೊಳ್ಳುವಷ್ಟರಲ್ಲಿ ಚಿತ್ರ ಮುಗಿಯುತ್ತದೆ. ಕೆಳಗೆ ಯಾರೋ ನಗುವ ಮುಖಗಳನ್ನು ಅಂಟಿಸಿದ್ದರು.

"ವಾರ್ಡಿನಲ್ಲಿ ಊಟಕ್ಕೆ ಕೂತಿದ್ವಿ" ಎಂದಳು ನರ್ಸಮ್ಮ. ದನಿ ಏರಲಿಲ್ಲ. "ಜೊತೆಯವಳು 'ಇದು ನೋಡೇ, ಎಷ್ಟು ಮಜಾ ಇದೆ' ಅಂತ ತೋರಿಸಿದ್ಲು. ಅದು ನನ್ನ ಮಗ ಅಂತ ಅವಳಿಗೆ ಗೊತ್ತಿರ್ಲಿಲ್ಲ. ನಾನೂ ನಕ್ಕೆ ದೊಡ್ಡಮ್ಮ. ಮುಖ ಮುಚ್ಕೊಂಡಿದ್ನಲ್ಲ, ನನಗೂ ಮೊದಲು ಗೊತ್ತಾಗ್ಲಿಲ್ಲ."

ದೊಡ್ಡಮ್ಮ ಫೋನನ್ನು ವಾಪಸು ಕೊಟ್ಟಳು. ನರ್ಸಮ್ಮ ಬೈದಿದ್ದರೆ ತಿರುಗಿ ಏನಾದರೂ ಅನ್ನಬಹುದಿತ್ತು. ಆ ಹುಡುಗ ಒಳಗೆ ಚಾಪೆಯ ಮೇಲೆ ಮಲಗಿದ್ದ. ತಾನು ಊರೆಲ್ಲ ತಿರುಗಿ ಬಂದದ್ದು ಅವನಿಗೆ ಗೊತ್ತೇ ಇರಲಿಲ್ಲ.

ಯಾರಿಂದ ಯಾರಿಗೆ ಬಂತೆಂದು ನರ್ಸಮ್ಮ ಕೇಳುತ್ತ ಹೋಗಿದ್ದಳು, ಹಾಗಾಗಿ ಹರಿಬಿಟ್ಟವನು ಯಾರೆಂದು ತಿಳಿಯಲು ಕಷ್ಟವಾಗಲಿಲ್ಲ. ಎತ್ತರದ ಕಟ್ಟಡದ ಒಬ್ಬ ಅಪ್ಪ, ಸೇಲ್ಸ್ ಕೆಲಸದವನು. ತನ್ನ ಮಗಳನ್ನು ನೋಡಲು ಫೋನು ತೆರೆದಿದ್ದಾನೆ, ಪರದೆಯ ಮೇಲಿದ್ದದ್ದನ್ನು ಉಳಿಸಿಕೊಂಡಿದ್ದಾನೆ, ಗೆಳೆಯರಿಗೆ ಕಳಿಸಿದ್ದಾನೆ. ಸಂಜೆ ಮಗಳನ್ನು ಕರೆದೊಯ್ಯಲು ಬಂದಾಗ ದೊಡ್ಡಮ್ಮ ನೇರವಾಗಿ ಕೇಳಿದಳು.

"ಅಯ್ಯೋ, ಮುದ್ದಾಗಿತ್ತು ಅಂತ ಕಳಿಸಿದೆ ದೊಡ್ಡಮ್ಮ. ಕೆಟ್ಟ ಉದ್ದೇಶ ಏನಿಲ್ಲ. ಮಕ್ಕಳಂದ್ಮೇಲೆ ಇದೆಲ್ಲ ಇದ್ದಿದ್ದೇ."

"ನಿಮ್ಮ ಮಗಳದ್ದಾಗಿದ್ರೆ ಕಳಿಸ್ತಿದ್ರಾ?"

ಅವನು ಬಗ್ಗಿ ಮಗಳ ಚಪ್ಪಲಿ ಹುಡುಕತೊಡಗಿದ. ಕ್ಯಾಮೆರಾ ಕಂಪನಿಗೆ ಫೋನು ಮಾಡಿದರೆ ಅವರು ಕೈ ತೊಳೆದುಕೊಂಡರು. ಚಿತ್ರ ತೋರಿಸುವುದಷ್ಟೇ ನಮ್ಮ ಕೆಲಸ, ನೋಡಿದವರು ಏನು ಮಾಡುತ್ತಾರೋ ಅದಕ್ಕೆ ನಾವಲ್ಲ, ನೀವೇ ಹೊಣೆ ಎಂದರು. ಕಾನೂನೂ ಅದನ್ನೇ ಹೇಳಿತ್ತು. ಮೊನ್ನೆಯಿಂದ ತಾನು ಶಪಿಸುತ್ತಿದ್ದ ಕಾನೂನು ಮಾತಾಡುತ್ತಿದ್ದದ್ದು ಈ ಮುಖ ಮುಚ್ಚಿಕೊಂಡ ಹುಡುಗನ ಬಗ್ಗೆ ಎಂದು ದೊಡ್ಡಮ್ಮನಿಗೆ ಆಗ ಹೊಳೆಯಿತು. ಕಾನೂನಿನ ಮಾತು ಸರಿ. ಅದರ ಬಿಲ್ಲು ಮಾತ್ರ ತಪ್ಪು ಬಾಗಿಲಿಗೆ ಬಂದಿದೆ. ಹಾಗಾದರೆ ಬಿಲ್ಲು ಕಟ್ಟುವುದೂ ಬೇಡ, ಸುಳ್ಳು ಕಾಗದಕ್ಕೆ ಸಹಿ ಹಾಕುವುದೂ ಬೇಡ ಎಂದು ಅವಳು ತೀರ್ಮಾನಿಸಿದಳು. ವ್ಯಾಯಾಮ ಶಾಲೆಯ ಕಟ್ಟು ಅವತ್ತೇ ಕಸದ ಬುಟ್ಟಿ ಸೇರಿತು.

ಮರುದಿನ ಮೇಸ್ತ್ರಿ ಏಣಿ ತಂದರು. "ನಾಲ್ಕೂ ಕಿತ್ತು ಹಾಕಿ" ಎಂದಳು. ಈ ಸಲ ಅವರಿಗೆ ಒಂದೇ ಸಲಕ್ಕೆ ಕೇಳಿಸಿತು.

ಕ್ಯಾಮೆರಾ ಕಣ್ಮುಚ್ಚಿದ್ದೇ ತಡ, ಫೋನುಗಳು ಬಾಯಿ ಬಿಟ್ಟವು. ಕರೆಂಟು ಹೋಗಿದೆಯೇ? ನೆಟ್ ಕೆಟ್ಟಿದೆಯೇ? ದೊಡ್ಡಮ್ಮ ಎಲ್ಲರಿಗೂ ಒಂದೇ ಉತ್ತರ ಕೊಟ್ಟಳು: ಭಾನುವಾರ ಬನ್ನಿ, ಮಾತಾಡೋಣ.

ಭಾನುವಾರ ಅಪ್ಪ ಅಮ್ಮಂದಿರು ಮುಂದಿನ ಕೋಣೆಯಲ್ಲಿ ಚಾಪೆಯ ಮೇಲೆ ಕಾಲು ಮಡಚಿ ಕೂತರು. ದೊಡ್ಡಮ್ಮ ನಿಂತೇ ಮಾತಾಡಿದಳು. ನಡೆದದ್ದನ್ನು ಹೇಳಿದಳು. ಯಾರ ಮಗು, ಯಾರು ಕಳಿಸಿದ್ದು ಎಂದು ಹೇಳಲಿಲ್ಲ. ಸೇಲ್ಸ್ ಅಪ್ಪ ಗೋಡೆ ನೋಡುತ್ತಿದ್ದ.

"ಇನ್ನು ಇಲ್ಲಿ ಕ್ಯಾಮೆರಾ ಇರಲ್ಲ. ಆದ್ರೆ ಬಾಗಿಲಿಗೆ ಚಿಲಕವೂ ಇರಲ್ಲ. ಯಾವಾಗ ಬೇಕಾದ್ರೂ ಬನ್ನಿ. ಹೇಳಿ ಬರಬೇಕಿಲ್ಲ, ಬಾಗಿಲು ತಟ್ಟಬೇಕಿಲ್ಲ. ಮೂಲೇಲಿ ಕೂತು ಎಷ್ಟು ಹೊತ್ತು ಬೇಕಾದ್ರೂ ನೋಡಿ."

"ಒಬ್ಬರು ಮಾಡಿದ ತಪ್ಪಿಗೆ ಎಲ್ಲರಿಗೂ ಶಿಕ್ಷೆ ಯಾಕೆ?" ಎಂದ ಒಬ್ಬ ಅಪ್ಪ. "ಇಲಿಗೆ ಹೆದರಿ ಮನೆಗೆ ಬೆಂಕಿ ಇಟ್ಟ ಹಾಗಾಯ್ತು. ಕಂಪನಿಯ ಹೊಸ ಯೋಜನೆ ತಗೊಳ್ಳಿ. ಬೇಕಾದ್ರೆ ಸ್ವಲ್ಪ ಶುಲ್ಕ ಜಾಸ್ತಿ ಮಾಡಿ."

"ಸ್ವಲ್ಪ ಅಲ್ಲ. ಒಂದೂವರೆ ಪಟ್ಟು ಮಾಡಬೇಕು. ಕೊಡೋಕಾಗೋರು ಕೈ ಎತ್ತಿ."

ನಾಲ್ಕು ಕೈ ಎದ್ದವು. ಉಳಿದವರು ಎದ್ದ ಕೈಗಳನ್ನು ನೋಡಿ ತಮ್ಮ ಕೈಗಳನ್ನು ಮಡಿಲಲ್ಲಿ ಅಡಗಿಸಿಕೊಂಡರು.

ಆಗ ಹಿಂದಿನಿಂದ ಒಬ್ಬಳು ತಾಯಿ ಮಾತಾಡಿದಳು. ಅಂಗಡಿಯೊಂದರ ಬಿಲ್ಲಿಂಗ್ ಕೌಂಟರಿನಲ್ಲಿ ಕೂರುವವಳು. "ಯಾವಾಗ ಬೇಕಾದ್ರೂ ಬನ್ನಿ ಅಂತೀರಾ ದೊಡ್ಡಮ್ಮ. ನಾನು ಹೇಗೆ ಬರಲಿ? ಅರ್ಧ ಗಂಟೆ ಊಟಕ್ಕೆ ಬಿಡ್ತಾರೆ. ಆ ಹೊತ್ತಲ್ಲಿ ಫೋನಲ್ಲಿ ನನ್ನ ಮಗಳು ನಿದ್ದೆ ಮಾಡೋದನ್ನ ನೋಡ್ತಾ ಊಟ ಮಾಡ್ತಿದ್ದೆ. ಬೆಳಿಗ್ಗೆ ಬಿಟ್ಟು ಹೋದ್ರೆ ಸಂಜೆ ತನಕ ಅಷ್ಟೇ ನನಗಿದ್ದಿದ್ದು. ಅದನ್ನೂ ಕಿತ್ಕೊಂಡ್ರಿ."

ಎಲ್ಲರೂ ದೊಡ್ಡಮ್ಮನ ಮುಖ ನೋಡಿದರು. "ನೀನು ಹೇಳೋದು ನಿಜ ಮಗಳೇ" ಎಂದಳು ಅವಳು. "ನಿನಗೆ ಅನ್ಯಾಯ ಆಯ್ತು, ಒಪ್ತೀನಿ. ಆದ್ರೂ ಹಾಕಲ್ಲ. ನಿನ್ನ ಮಗಳು ಮಲಗೋದನ್ನ ನೀನೊಬ್ಬಳೇ ನೋಡೋ ಹಾಗೆ ಮಾಡೋಕೆ ನನ್ನ ಕೈಲಾಗಲ್ಲ. ಯಾರ್ಯಾರು ನೋಡ್ತಿದ್ರು ಅಂತ ನನಗೇ ಗೊತ್ತಿರ್ಲಿಲ್ಲ."

ಆ ತಿಂಗಳು ಒಂಬತ್ತು ಮಕ್ಕಳು ಬಿಟ್ಟುಹೋದರು. ಮುಖ್ಯರಸ್ತೆಯಲ್ಲಿ ಹೊಸದಾಗಿ ತೆರೆದ ದೊಡ್ಡ ಶಿಶುವಿಹಾರಕ್ಕೆ ಸೇರಿದರು. ಹತ್ತಾರು ಊರುಗಳಲ್ಲಿ ಶಾಖೆ ಇರುವ ಸಂಸ್ಥೆ ಅದು. ಅಲ್ಲಿ ಕೋಣೆಗೆರಡು ಕ್ಯಾಮೆರಾ, ನೀತಿಗೆ ನಲವತ್ತಲ್ಲ ಅರವತ್ತು ಪುಟ, ಅದನ್ನು ನೋಡಿಕೊಳ್ಳಲೆಂದೇ ಒಬ್ಬ ಅಧಿಕಾರಿ. ಅವರಿಗೆ ಆ ಖರ್ಚೆಲ್ಲ ಸಮುದ್ರದಲ್ಲಿ ಒಂದು ಚೊಂಬು ನೀರು. ಬಿಲ್ಲಿಂಗ್ ಕೌಂಟರಿನವಳೂ ಮಗಳನ್ನು ಕರೆದುಕೊಂಡು ಅಲ್ಲಿಗೇ ಹೋದಳು. ಹೋಗುವ ದಿನ ಮಗಳ ಲೋಟ ಕೇಳಿದಳು. ದೊಡ್ಡಮ್ಮ ತೊಳೆದು, ಒರೆಸಿ ಕೊಟ್ಟಳು.

ಇಷ್ಟಾದರೂ ಒಂದು ಕೆಲಸ ಬಾಕಿ ಉಳಿದಿತ್ತು. ಕ್ಯಾಮೆರಾ ಕಿತ್ತರೂ ಹಳೆಯ ಚಿತ್ರಗಳೆಲ್ಲ ಕಂಪನಿಯ ಬಳಿಯೇ ಇದ್ದವು. ಅಳಿಸಿ ಎಂದು ಫೋನು ಮಾಡಿದರೆ, ಒಪ್ಪಂದ ಮುರಿದದ್ದಕ್ಕೆ ದಂಡ ಕಟ್ಟಿ, ಆಮೇಲೆ ಅಳಿಸಲು ಪ್ರತ್ಯೇಕ ಶುಲ್ಕ ಕಟ್ಟಿ ಎಂದರು.

"ಅಳಿಸೋಕೂ ದುಡ್ಡಾ?" ಎಂದು ದೊಡ್ಡಮ್ಮ ನರ್ಸಮ್ಮನಿಗೆ ಈ ಸುದ್ದಿ ಹೇಳಿದಳು.

ನರ್ಸಮ್ಮ ಮಗನನ್ನು ಬಿಡಿಸಿರಲಿಲ್ಲ. ಆಸ್ಪತ್ರೆಯಲ್ಲಿ ರೋಗಿಗಳ ಮಾಹಿತಿಯ ಬಗ್ಗೆ ಅವಳಿಗೂ ತರಬೇತಿ ಆಗಿತ್ತು. "ನೀವು ಕೇಳಿದ್ರೆ ಅವರು ಒಪ್ಪಂದ ತೋರಿಸ್ತಾರೆ ದೊಡ್ಡಮ್ಮ. ನಾನು ಕೇಳಿದ್ರೆ ತೋರಿಸೋಕೆ ಏನೂ ಇಲ್ಲ. ನನ್ನ ಮಗನ ಚಿತ್ರ ಅಳಿಸಿ ಅಂತ ಕೇಳೋಕೆ ಅದೇ ಕಾನೂನಲ್ಲಿ ನನಗೆ ಹಕ್ಕಿದೆ. ನಡೀರಿ, ಹೋಗೋಣ."

ಮೇಸ್ತ್ರಿಯೂ ಹೊರಟರು. ಕಂಪನಿಯ ಕಚೇರಿ ಒಂದು ಹೊಳೆಯುವ ಕಟ್ಟಡದ ಐದನೇ ಮಹಡಿ. ಎಲ್ಲರೂ ಪಿಸುಮಾತಿನಲ್ಲಿ ಮಾತಾಡುವ ಜಾಗ. ಮ್ಯಾನೇಜರು ಸಭೆಯಲ್ಲಿದ್ದಾರೆ, ಇನ್ನೊಂದು ದಿನ ಬನ್ನಿ ಎಂದಳು ಬಾಗಿಲ ಬಳಿಯ ಹುಡುಗಿ. "ಸಭೆ ಮುಗೀಲಿ, ನಮಗೇನು ಅವಸರ" ಎಂದು ದೊಡ್ಡಮ್ಮ ಸೋಫಾದಲ್ಲಿ ಬೇರು ಬಿಟ್ಟಳು.

ಸ್ವಲ್ಪ ಹೊತ್ತಾದ ಮೇಲೆ ಮೇಸ್ತ್ರಿ ಹೆಂಡತಿಯ ಕಿವಿಯಲ್ಲಿ ಗುಟ್ಟಾಗಿ ಒಂದು ಪ್ರಶ್ನೆ ಕೇಳಿದರು. "ಅಲ್ಲ ಕಣೇ, ಮಕ್ಕಳು ಉಚ್ಚೆ ಹೊಯ್ದ ಚಿತ್ರ ಇಟ್ಕೊಂಡು ಇವರು ಏನ್ ಮಾಡ್ತಾರಂತೆ?"

ಇಡೀ ಮಹಡಿಯ ತಲೆಗಳು ಎದ್ದವು. ಸೋಫಾದ ಇನ್ನೊಂದು ತುದಿಯಲ್ಲಿ ಹೊಸ ಗಿರಾಕಿಗಳಂತೆ ಕಾಣುವ ಇಬ್ಬರು ಕೂತಿದ್ದರು, ಅವರೂ ತಿರುಗಿ ನೋಡಿದರು. "ಮೆಲ್ಲಗೆ ರೀ" ಎಂದಳು ದೊಡ್ಡಮ್ಮ, ಆದರೆ ಅವರ ಹೆಚ್ಚು ಮಂದವಾದ ಕಿವಿಯ ಕಡೆ ಕೂತು, ಬೇಕೆಂದೇ ಮೆಲ್ಲಗೆ. ಅಳಿಸುವ ಶುಲ್ಕದ ಮಾತನ್ನೂ ಹಾಗೇ ಪಿಸುಗುಟ್ಟಿದಳು. "ಏನಂದೆ? ಅಳಿಸೋಕೆ ದುಡ್ಡು ಕೇಳ್ತಾರಾ? ನಮ್ಮ ಮಕ್ಕಳ ಚಿತ್ರಕ್ಕಾ?" ಎಂದು ಮೇಸ್ತ್ರಿ ಇನ್ನೂ ಜೋರಾಗಿ ಕೇಳಿದರು.

ಸಭೆ ಬೇಗನೆ ಮುಗಿಯಿತು. ಮ್ಯಾನೇಜರು ಮೂವರನ್ನೂ ಒಳಗೆ ಕರೆದ. ನರ್ಸಮ್ಮ ತನ್ನ ಅರ್ಜಿ ಮುಂದಿಟ್ಟಳು. ಉಳಿದ ಹನ್ನೆರಡು ಮಕ್ಕಳ ತಾಯಂದಿರ ಅರ್ಜಿಯನ್ನೂ ದೊಡ್ಡಮ್ಮ ಹೊತ್ತು ತಂದಿದ್ದಳು. ಬಿಟ್ಟುಹೋದವರಲ್ಲೂ ಕೆಲವರು ಬರೆದುಕೊಟ್ಟಿದ್ದರು. ಮ್ಯಾನೇಜರು ಓದಿದ, ಯಾರಿಗೋ ಫೋನು ಮಾಡಿದ, ತಲೆ ಕೆರೆದುಕೊಂಡ. "ಅಳಿಸೋಕೆ ಶುಲ್ಕ ಬೇಡ. ಆದ್ರೆ ಒಪ್ಪಂದದ ದಂಡ ಬಿಡೋಕಾಗಲ್ಲ."

"ಕಟ್ತೀನಿ. ಸಹಿ ಹಾಕಿದವಳು ನಾನೇ. ಅಳಿಸಿದ್ದೀವಿ ಅಂತ ಬರೆದು ಕೊಡಿ. ಅಲ್ಲೀ ತನಕ ಇಲ್ಲೇ ಇರ್ತೀವಿ."

ಸಂಜೆಯ ಹೊತ್ತಿಗೆ ಬರೆದುಕೊಟ್ಟರು. ಅವರು ನಿಜವಾಗಿ ಅಳಿಸಿದರೋ ಇಲ್ಲವೋ ಯಾರು ಕಂಡರು? ಲಿಫ್ಟಿನಲ್ಲಿ ನರ್ಸಮ್ಮ ಅದನ್ನೇ ಕೇಳಿದಳು. "ಅಳಿಸದೇ ಇದ್ರೆ ಅವರ ಕೈಬರಹ ನಮ್ಮ ಕೈಲಿದೆ" ಎಂದಳು ದೊಡ್ಡಮ್ಮ. ಫೋನಿನಿಂದ ಫೋನಿಗೆ ಹಾರಿಹೋದ ಆ ಒಂದು ಚಿತ್ರವನ್ನು ಮಾತ್ರ ಯಾರ ಕೈಬರಹವೂ ವಾಪಸು ತರುವಂತಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

ಇದಕ್ಕೆಲ್ಲ ತೆತ್ತದ್ದು ಕಡಿಮೆಯೇನಲ್ಲ. ಹಿಂದಿನ ಕೋಣೆಯನ್ನು ಮಾಲೀಕನಿಗೆ ಬಿಟ್ಟುಕೊಡಬೇಕಾಯಿತು. ಅಲ್ಲಿ ಈಗ ಹೊಲಿಗೆ ಯಂತ್ರ ರಿಪೇರಿಯವನಿದ್ದಾನೆ. ಗುಂಗುರಕ್ಕ ಅರ್ಧ ದಿನದ ಕೆಲಸಕ್ಕೆ ಇಳಿದಳು, ಉಳಿದರ್ಧ ದಿನ ಬೇರೆ ಮನೆಗೆ ಹೋಗುತ್ತಾಳೆ. ಗ್ಯಾರೇಜು ಬಿಡಬೇಕೆಂದಿದ್ದ ಮೇಸ್ತ್ರಿ ಇನ್ನೂ ಹೋಗುತ್ತಿದ್ದಾರೆ. ಮೈದುನ "ಒಂದು ಸಹಿ ಹಾಕಿದ್ರೆ ಇಷ್ಟೆಲ್ಲ ಆಗ್ತಿರ್ಲಿಲ್ಲ ಅತ್ತಿಗೆ" ಎಂದು ಬಂದಾಗಲೆಲ್ಲ ಹೇಳುತ್ತಾನೆ. "ಹೌದಪ್ಪ, ಆಗ್ತಿರ್ಲಿಲ್ಲ" ಎಂದು ಅವಳು ಒಪ್ಪಿಕೊಂಡು ಅವನ ಮುಂದೆ ಟೀ ಇಡುತ್ತಾಳೆ.

ಒಮ್ಮೆ ತರಕಾರಿ ಅಂಗಡಿಯಲ್ಲಿ ಬಿಲ್ಲಿಂಗ್ ಕೌಂಟರಿನವಳು ಎದುರಾದಳು. ಮಗಳು ಅಲ್ಲಿ ಚೆನ್ನಾಗಿದ್ದಾಳೆ, ಊಟದ ಹೊತ್ತಿಗೆ ನೋಡುತ್ತೇನೆ ಎಂದು ಸಂಕೋಚದಿಂದ ಹೇಳಿದಳು.

"ಸಂಕೋಚ ಯಾಕೆ? ನೋಡೋದು ನಿನ್ನ ಆಸೆ, ತೋರಿಸದೇ ಇರೋದು ನನ್ನ ಹಟ. ಇಬ್ಬರದೂ ನಡೀಲಿ" ಎಂದು ದೊಡ್ಡಮ್ಮ ಮಗುವಿನ ಕೆನ್ನೆ ಸವರಿದಳು.

ಮಕ್ಕಳ ಸಂಖ್ಯೆ ಈಗ ಮತ್ತೆ ಹದಿನಾರಕ್ಕೇರಿದೆ. ಕಾನೂನಿನ ಪ್ರಕಾರ ಅವಳೂ ಮಾಡಬೇಕಾದದ್ದು ಇತ್ತು, ಮಾಡಿದಳು. ಅವಳ ಬಳಿ ಉಳಿದಿರುವುದು ಮಗುವಿನ ಹೆಸರು, ತಾಯಿಯ ಫೋನ್ ನಂಬರು, ಯಾವುದು ತಿಂದರೆ ಮೈಗಾಗುವುದಿಲ್ಲ ಎಂಬುದು, ಅಷ್ಟೇ. ಯಾಕೆ ಬೇಕು, ಎಷ್ಟು ದಿನ ಇಟ್ಟುಕೊಳ್ಳುತ್ತೇನೆ ಎಂದು ಒಂದೇ ಹಾಳೆಯಲ್ಲಿ ತನ್ನ ಮಾತಿನಲ್ಲೇ ಬರೆದಳು. ನರ್ಸಮ್ಮ ಕಾಗುಣಿತ ತಿದ್ದಿಕೊಟ್ಟಳು.

ವರ್ಷ ಕಳೆದ ಮೇಲೆ ಶಿಶುವಿಹಾರಗಳನ್ನು ನೋಡಿಕೊಳ್ಳುವ ಇಲಾಖೆಯಿಂದ ಒಬ್ಬ ಅಧಿಕಾರಿ ತಪಾಸಣೆಗೆ ಬಂದ. ವಯಸ್ಸು ಚಿಕ್ಕದು, ಕೈಯಲ್ಲಿ ಟ್ಯಾಬ್. ಕೂರಲು ದೊಡ್ಡ ಕುರ್ಚಿ ಇರಲಿಲ್ಲ, ನಿಂತೇ ಕೇಳಿದ.

"ಕ್ಯಾಮೆರಾ ಚಿತ್ರಗಳನ್ನ ಎಲ್ಲಿಟ್ಟಿದ್ದೀರಾ?"

"ಕ್ಯಾಮೆರಾ ಇಲ್ಲ ಸಾರ್."

"ಚಿತ್ರಗಳನ್ನ ಹೊರಗಿನವರ ಜೊತೆ ಹಂಚಿಕೊಳ್ತೀರಾ?"

"ಇಲ್ಲದ್ದನ್ನ ಹೇಗೆ ಹಂಚಲಿ?"

ಅವನು ಟ್ಯಾಬಿನಲ್ಲಿ ಕೆಳಗೆ, ಇನ್ನೂ ಕೆಳಗೆ ಸರಿಸಿದ. ಎಲ್ಲಕ್ಕೂ ಇಲ್ಲ ಎಂದೇ ಒತ್ತಬೇಕಾಯಿತು. ಒಂದು ಹಾಳೆಯ ನೀತಿಯನ್ನು ಎರಡು ಸಲ ಓದಿದ, ಸರಿಯಾಗಿದೆ ಎಂದ. ಅಷ್ಟರಲ್ಲಿ ಹೊಟ್ಟೆ ಮುಂದೆ ಮಾಡಿಕೊಂಡು ಒಂದು ಮಗು ಬಂದು ಅವನ ಪ್ಯಾಂಟು ಹಿಡಿದು ನಿಂತು ಮೇಲೆ ನೋಡಿತು. ಅಧಿಕಾರಿಯ ಮುಖ ಅರಳಿತು. ಬಗ್ಗಿ ಅದರ ತಲೆ ಸವರಿದ.

"ಎಷ್ಟು ಮುದ್ದಾಗಿದೆ! ಯಾರ ಮಗು ಇದು? ಹೆಸರೇನು?"

ದೊಡ್ಡಮ್ಮ ಮಗುವನ್ನು ಎತ್ತಿ ಸೊಂಟಕ್ಕೇರಿಸಿಕೊಂಡಳು.

"ಅಪ್ಪ ಅಮ್ಮನ್ನ ಕೇಳದೆ ಹೇಳೋ ಹಾಗಿಲ್ಲ ಸಾರ್" ಎಂದಳು.